ಮಗಳಿಗೆ ಹೊಳೆಯ ಹೆಸರು: ಕಾವೇರಿಯೋ, ತುಂಗೆಯೋ, ವರದೆಯೋ?

ಹೆಣ್ಣು ಮಗುವಿಗೆ ನದಿಯ ಹೆಸರಿಡಬೇಕು ಅನ್ನುವ ಆಸೆ ಇದ್ದರೆ ಕರ್ನಾಟಕದಲ್ಲಿ ಹೆಸರಿಗೆ ಬರವಿಲ್ಲ. ಕಷ್ಟ ಇರುವುದು ಆರಿಸುವುದರಲ್ಲಿ. ಕಾವೇರಿ ಎಲ್ಲರಿಗೂ ಗೊತ್ತಿರುವ ಹೆಸರು, ಆದರೆ ಹಳೆಯದಾಯಿತು ಅಂತ ಒಬ್ಬರು ಹೇಳುತ್ತಾರೆ. ಶಾಲ್ಮಲಾ ಚೆಂದ, ಆದರೆ ಒಂದೇ ಸಲಕ್ಕೆ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ. ನೇತ್ರಾವತಿ ಅಂದರೆ ದೊಡ್ಡಮ್ಮನ ಮುಖ ಕಣ್ಣ ಮುಂದೆ ಬರುತ್ತದೆ. ಭದ್ರಾ ಅಂದರೆ ಪಂಚಾಂಗ ಬಲ್ಲವರು ಬೇಡ ಅನ್ನುತ್ತಾರೆ.

ಇಲ್ಲಿ ಆ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ್ದೇನೆ. ಅರ್ಥ ಏನು, ಹಿಂದಿನ ಕಥೆ ಏನು, ಯಾವ ತಲೆಮಾರಿನವರಿಗೆ ಹೆಚ್ಚು ಇಟ್ಟರು, ದಿನಾ ಕರೆಯುವಾಗ ಏನಾಗುತ್ತದೆ, ಕಾಗದಪತ್ರದಲ್ಲಿ ಏನಾಗುತ್ತದೆ ಅನ್ನುವುದೆಲ್ಲ ಇದೆ. ನನ್ನ ಒಲವನ್ನೂ ಮುಚ್ಚಿಟ್ಟಿಲ್ಲ. ಪಟ್ಟಿ ನೋಡಿ ಸುಮ್ನೆ ಒಂದು ಹೆಸರು ಎತ್ತಿಕೊಳ್ಳುವುದಕ್ಕಿಂತ ನಿಮ್ಮ ಮನೆತನಕ್ಕೆ ನಂಟಿರುವ ಹೊಳೆಯನ್ನು ಹುಡುಕುವುದು ಒಳ್ಳೆಯದು ಅಂತ ನಾನು ನಂಬಿದ್ದೇನೆ. ಅಜ್ಜಿ ಯಾವ ನೀರು ಕುಡಿದು ಬೆಳೆದರು, ಅಪ್ಪ ಯಾವ ಹೊಳೆಯಲ್ಲಿ ಈಜು ಕಲಿತರು, ಗದ್ದೆಗೆ ನೀರು ಎಲ್ಲಿಂದ ಬರುತ್ತಿತ್ತು? ಅಂಥ ನಂಟಿದ್ದರೆ ಮಗಳು ದೊಡ್ಡವಳಾಗಿ "ನನಗ್ಯಾಕೆ ಈ ಹೆಸರು" ಅಂತ ಕೇಳಿದಾಗ ಹೇಳುವುದಕ್ಕೆ ಒಂದು ಕಥೆ ಇರುತ್ತದೆ.

ನದಿಯ ಹೆಸರು ಇಡಬಾರದು ಅನ್ನುವವರಿಗೆ

ಮನೆಯಲ್ಲಿ ಶಾಸ್ತ್ರ ಓದಿದ ಹಿರಿಯರಿದ್ದರೆ ಒಂದು ಆಕ್ಷೇಪ ಬರಬಹುದು. ನಕ್ಷತ್ರ, ಮರ, ನದಿಯ ಹೆಸರಿರುವ ಕನ್ಯೆಯನ್ನು ಮದುವೆಯಾಗಬಾರದು ಅಂತ ಮನುಸ್ಮೃತಿಯ 3ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಮಾತು ಇರುವುದು ನಿಜ. ನಾಡು ಅದನ್ನು ಕೇಳಲಿಲ್ಲ ಅನ್ನುವುದೂ ಅಷ್ಟೇ ನಿಜ. ರೋಹಿಣಿ, ರೇವತಿ, ತುಳಸಿ, ಗಂಗಾ, ಯಮುನಾ ಇಲ್ಲದ ಊರು ಎಲ್ಲಿದೆ? ಸ್ನಾನ ಮಾಡುವಾಗ ಹೇಳುವ ಶ್ಲೋಕದಲ್ಲೇ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಅಂತ ಏಳು ನದಿಗಳನ್ನು ಕರೆಯುತ್ತೇವೆ. ದಿನಾ ಬೆಳಿಗ್ಗೆ ಬಾಯಲ್ಲಿ ಬರುವ ಹೆಸರು ಮಗಳಿಗೆ ಇಡಬಾರದು ಅಂದರೆ ಒಪ್ಪುವುದು ಕಷ್ಟ.

ಅದೇ ಗ್ರಂಥದ 2ನೇ ಅಧ್ಯಾಯದಲ್ಲಿ ಹೆಣ್ಣಿನ ಹೆಸರು ಹೇಗಿರಬೇಕು ಅಂತಲೂ ಹೇಳಿದೆ. ಉಚ್ಚಾರಕ್ಕೆ ಸುಲಭವಾಗಿರಬೇಕು, ಒರಟಾಗಿರಬಾರದು, ಅರ್ಥ ತಿಳಿಯಾಗಿರಬೇಕು, ಮನಸ್ಸಿಗೆ ಹಿಡಿಸಬೇಕು, ಮಂಗಳವಾಗಿರಬೇಕು, ಕೊನೆಯಲ್ಲಿ ದೀರ್ಘ ಸ್ವರ ಬರಬೇಕು. ಈ ಅಳತೆಗೆ ನದಿಯ ಹೆಸರುಗಳಷ್ಟು ಚೆನ್ನಾಗಿ ಹೊಂದುವ ಹೆಸರು ಕಡಿಮೆ. ಪಾರಸ್ಕರ ಗೃಹ್ಯಸೂತ್ರದ ಪ್ರಕಾರ ಹೆಣ್ಣು ಮಗುವಿನ ಹೆಸರಿನಲ್ಲಿ ಅಕ್ಷರಗಳು ಬೆಸ ಸಂಖ್ಯೆಯಲ್ಲಿರಬೇಕು, ‘ಆ’ಕಾರದಲ್ಲಿ ಮುಗಿಯಬೇಕು. ಯಮುನಾ, ನರ್ಮದಾ, ವರದಾ, ಶಾಲ್ಮಲಾ, ಎಲ್ಲವೂ ಮೂರಕ್ಷರ, ಎಲ್ಲವೂ ‘ಆ’. ಹಿರಿಯರನ್ನು ಒಪ್ಪಿಸಬೇಕಾದರೆ ಈ ಮಾತು ಕೈಯಲ್ಲಿರಲಿ.

ಯಾವ ಹೆಸರು ಎಷ್ಟು ಜನಕ್ಕಿದೆ ಅಂತ ತಿಳಿಯುವುದು ಹೇಗೆ

ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಇಲಾಖೆ ಪ್ರತಿ ವರ್ಷ ಹೆಸರುಗಳ ಪಟ್ಟಿ ಬಿಡುತ್ತದೆ. 1880ರಿಂದ ಈಚೆಗೆ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಅಂತ ಅದರಲ್ಲಿ ನೋಡಬಹುದು. ನಮ್ಮಲ್ಲಿ ಸರ್ಕಾರ ಅಂಥ ಪಟ್ಟಿ ಹೊರಡಿಸುವುದಿಲ್ಲ. ಹಾಗಾಗಿ "ಈ ವರ್ಷದ ಟಾಪ್ ಹತ್ತು ಹೆಸರು" ಅಂತ ಯಾರಾದರೂ ಹೇಳಿದರೆ ಅದು ಅವರ ಅಂದಾಜು ಅಷ್ಟೇ.

ಆದರೂ ಒಂದು ದಾರಿ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿನ ಜೊತೆ ವಯಸ್ಸೂ ಇರುತ್ತದೆ. ನಿಮ್ಮ ಊರಿನ ಒಂದು ಮತಗಟ್ಟೆಯ ಪಟ್ಟಿ ತೆರೆದು ಓದಿ. ಅರವತ್ತು ದಾಟಿದವರಲ್ಲಿ ಗಂಗಮ್ಮ, ಕಾವೇರಮ್ಮ, ಗೋದಾವರಿಬಾಯಿ. ನಲವತ್ತು ಐವತ್ತರವರಲ್ಲಿ ನೇತ್ರಾವತಿ, ಹೇಮಾವತಿ, ಯಮುನಾ. ಮೂವತ್ತರ ಆಸುಪಾಸಿನಲ್ಲಿ ಸಿಂಧು, ನಂದಿನಿ. ನಾನು ನೋಡಿದ ಮಟ್ಟಿಗೆ ಹೀಗೆ ಕಾಣುತ್ತದೆ, ನಿಮ್ಮ ಊರಿನಲ್ಲಿ ಸ್ವಲ್ಪ ಆಚೀಚೆ ಇರಬಹುದು. ಊರಿನಿಂದ ಊರಿಗೆ ಹೊಳೆ ಬದಲಾದಂತೆ ಹೆಸರೂ ಬದಲಾಗುತ್ತದೆ. ಹಾಸನದ ಕಡೆ ಹೇಮಾವತಿಯರು ಹೆಚ್ಚು, ಶಿವಮೊಗ್ಗದ ಕಡೆ ತುಂಗಾ, ಶರಾವತಿ.

ಕಾವೇರಿ

ಎಲ್ಲಕ್ಕಿಂತ ಗಟ್ಟಿಯಾದ ಆಯ್ಕೆ ಇದು. ಕೊಡಗಿನ ಬ್ರಹ್ಮಗಿರಿಯ ತಲಕಾವೇರಿಯಲ್ಲಿ ಹುಟ್ಟಿ, ಸುಮಾರು 800 ಕಿಲೋಮೀಟರ್ ಹರಿದು ಬಂಗಾಳಕೊಲ್ಲಿ ಸೇರುವ ನದಿ. ಕವೇರ ಮುನಿಯ ಮಗಳು, ಅದಕ್ಕೆ ಕಾವೇರಿ. ಜನಕನ ಮಗಳು ಜಾನಕಿ ಆದ ಹಾಗೆ. ಲೋಪಾಮುದ್ರೆಯೇ ಕಾವೇರಿಯಾಗಿ ಹರಿದಳು ಅನ್ನುವ ಕಥೆಯೂ ಇದೆ. ಅಗಸ್ತ್ಯರು ಅವಳನ್ನು ಕಮಂಡಲದಲ್ಲಿ ಇಟ್ಟುಕೊಂಡಿದ್ದರು, ಗಣಪತಿ ಕಾಗೆಯ ರೂಪದಲ್ಲಿ ಬಂದು ಅದನ್ನು ಉರುಳಿಸಿದ, ಅವಳು ಹರಿದು ಹೊರಟಳು. ಹಿಡಿದಿಟ್ಟರೆ ನಿಲ್ಲದ ಹುಡುಗಿಯ ಕಥೆ ಇದು. ಮಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕಾ?

ಕೊಡಗಿನಲ್ಲಿ ಇದು ಬರೀ ಹೆಸರಲ್ಲ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುತ್ತದೆ. ಕೊಡವರ ಮನೆಗಳಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ಬಟ್ಟೆ ಸುತ್ತಿ, ಒಡವೆ ತೊಡಿಸಿ, ಕಾವೇರಮ್ಮ ಅಂತ ಪೂಜಿಸುತ್ತಾರೆ. ಚಿನ್ನದ ಸರ ಹಾಕಿಕೊಂಡ ಆ ಸೌತೆಕಾಯಿಯ ಮುಂದೆ ಮನೆಯ ಚಿಕ್ಕವರೆಲ್ಲ ಅಕ್ಕಿ ಕಾಳು ಹಾಕಿ ನಮಸ್ಕಾರ ಮಾಡುತ್ತಾರೆ. ಅಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಕಾವೇರಿ ಅಂತ ಹೆಸರಿಟ್ಟರೆ ಮನೆದೇವರ ಹೆಸರನ್ನೇ ಇಟ್ಟ ಹಾಗೆ.

ಅಡ್ಡಿಗಳು ಎರಡು. ಒಂದು, ಮಳೆ ಕೈಕೊಟ್ಟ ವರ್ಷ ಟಿವಿಯಲ್ಲಿ ದಿನಾ ಈ ಹೆಸರು ಜಗಳದ ಜೊತೆ ಕೇಳಿಸುತ್ತದೆ. 1990ರಲ್ಲಿ ನ್ಯಾಯಮಂಡಳಿ ಆಯಿತು, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾತು ಇನ್ನೂ ನಿಂತಿಲ್ಲ. ಇದರಿಂದ ಹೆಸರಿಗೆ ಕಳಂಕ ಬಂತು ಅಂತ ನನಗೆ ಅನಿಸುವುದಿಲ್ಲ. ಗಡಿಯ ಎರಡೂ ಕಡೆ ಇಷ್ಟು ಪ್ರೀತಿಸುವ ಹೆಣ್ಣಿನ ಹೆಸರು ಬೇರೆ ಯಾವುದಿದೆ? ಚೆನ್ನೈಗೆ ಹೋದರೂ ನಿಮ್ಮ ಮಗಳ ಹೆಸರನ್ನು ಯಾರೂ ತಪ್ಪಾಗಿ ಹೇಳುವುದಿಲ್ಲ. ಎರಡನೆಯದು ಇಂಗ್ಲಿಷ್ ಕಾಗುಣಿತ. ‘ಕೆ’ಯಿಂದಲೂ ಬರೆಯುತ್ತಾರೆ, ‘ಸಿ’ಯಿಂದಲೂ ಬರೆಯುತ್ತಾರೆ. ಆಸ್ಪತ್ರೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಆದರೆ ಮುಂದೆ ಪಾಸ್‌ಪೋರ್ಟಿಗೆ ಅಲೆದಾಟ. ಮೊದಲ ದಿನವೇ ಒಂದನ್ನು ಗಟ್ಟಿ ಮಾಡಿಕೊಳ್ಳಿ.

ಕರೆಯುವುದಕ್ಕೆ ಮಾತ್ರ ಇದಕ್ಕೆ ಸಾಟಿಯಿಲ್ಲ. ಸಂಜೆ ಕತ್ತಲಾದ ಮೇಲೆ ಬಾಗಿಲಲ್ಲಿ ನಿಂತು "ಕಾವೇರೀ" ಅಂತ ಕೂಗಿ ನೋಡಿ. ಕೊನೆಯ ‘ಈ’ ಎಷ್ಟು ದೂರ ಬೇಕಾದರೂ ಎಳೆಯಬಹುದು, ಬೀದಿಯ ಕೊನೆಗೂ ಮುಟ್ಟುತ್ತದೆ.

ತುಂಗಾ, ಭದ್ರಾ, ಪಂಪಾ

ತುಂಗೆ ಮತ್ತು ಭದ್ರೆ ಒಂದೇ ಕಡೆ ಹುಟ್ಟುತ್ತವೆ, ಕುದುರೆಮುಖದ ಹತ್ತಿರದ ಗಂಗಾಮೂಲದಲ್ಲಿ. ವರಾಹನ ಕೋರೆಹಲ್ಲುಗಳಿಂದ ಈ ಎರಡು, ಅವನ ಕಣ್ಣಿನಿಂದ ನೇತ್ರಾವತಿ ಅಂತ ಕಥೆ. ಎರಡೂ ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆ ಆಗುತ್ತವೆ.

ತುಂಗಾ ಎರಡೇ ಅಕ್ಷರದ ಹೆಸರು. ಎತ್ತರದವಳು, ಉನ್ನತಳು ಅಂತ ಅರ್ಥ. ಉತ್ತುಂಗ ಅನ್ನುವಾಗ ಬರುವ ತುಂಗವೇ ಇದು. "ಗಂಗಾ ಸ್ನಾನ, ತುಂಗಾ ಪಾನ" ಅನ್ನುವ ಮಾತಿನಿಂದ ಇದು ಸಿಹಿನೀರಿನ ಹೊಳೆ ಅಂತ ಎಲ್ಲರಿಗೂ ಗೊತ್ತು. ಶೃಂಗೇರಿ ಇರುವುದು ಇದರ ದಡದಲ್ಲಿ. ಈ ಹೆಸರನ್ನು ಮೊಟಕು ಮಾಡುವ ಅಗತ್ಯವೇ ಇಲ್ಲ, ಅದಕ್ಕೆ ನನಗೆ ಇದರ ಮೇಲೆ ಜಾಸ್ತಿ ಪ್ರೀತಿ. ಉದ್ದದ ಹೆಸರಿಟ್ಟು ಎರಡನೇ ದಿನದಿಂದ ಅದನ್ನು ಕತ್ತರಿಸಿ ಕರೆಯುವ ಮನೆಗಳೇ ಎಲ್ಲೆಲ್ಲೂ. ತುಂಗಾ ಹಾಗಲ್ಲ. ಮಗುವಾಗಿದ್ದಾಗ ತುಂಗಾ, ಆಮೇಲೆ ತುಂಗಕ್ಕ, ತುಂಗತ್ತೆ, ತುಂಗಜ್ಜಿ. ಹೆಸರು ಪೂರ್ತಿಯಾಗಿ ಉಳಿಯುತ್ತದೆ. ಒಂದನೇ ಕ್ಲಾಸಿನಲ್ಲಿ ಮಗು ತನ್ನ ಹೆಸರನ್ನು ತಾನೇ ಬರೆಯುವುದು ಕಲಿಯುವಾಗಲೂ ಸುಲಭ: ಒಂದು ತು, ಒಂದು ಸೊನ್ನೆ, ಒಂದು ಗಾ.

ಹಳೆಯ ಹೆಸರು ಅನಿಸುತ್ತದೆಯೇ? ಸ್ವಲ್ಪ ಅನಿಸುತ್ತದೆ. ಆದರೆ ಈಗಿನ ತರಗತಿಗಳಲ್ಲಿ ಎರಡಕ್ಷರದ ಹೆಸರುಗಳೇ ತುಂಬಿವೆ. ಆ ಸಾಲಿನಲ್ಲಿ ತುಂಗಾ ಸಲೀಸಾಗಿ ಕೂತುಕೊಳ್ಳುತ್ತದೆ, ಜೊತೆಗೆ ಅದೇ ಹೆಸರಿನ ಇನ್ನೊಬ್ಬಳು ಬೆಂಚಿನಲ್ಲಿ ಇರುವುದಿಲ್ಲ.

ಭದ್ರಾ ಅಂದರೆ ಶುಭ, ಕ್ಷೇಮ. ಸುಭದ್ರೆಯ ಒಳಗಿರುವುದೂ ಇದೇ. ಆದರೆ ಪಂಚಾಂಗದಲ್ಲಿ ವಿಷ್ಟಿ ಕರಣಕ್ಕೆ ಭದ್ರಾ ಅಂತ ಇನ್ನೊಂದು ಹೆಸರಿದೆ. ಆ ಹೊತ್ತಿನಲ್ಲಿ ಶುಭಕಾರ್ಯ ಶುರು ಮಾಡುವುದಿಲ್ಲ. ಮುಹೂರ್ತ ನೋಡುವ ಮನೆಗಳಲ್ಲಿ ಇದು ಮಾತಿಗೆ ಬಂದೇ ಬರುತ್ತದೆ. ನಿಮಗೆ ಅದರಲ್ಲಿ ನಂಬಿಕೆ ಇಲ್ಲದಿದ್ದರೆ ಭದ್ರಾ ಒಳ್ಳೆಯ, ಗಟ್ಟಿ ಹೆಸರು. ಇದ್ದರೆ ಸುಭದ್ರಾ ಇಡಿ, ಜಗಳ ತಪ್ಪುತ್ತದೆ.

ತುಂಗಭದ್ರೆಗೆ ಪಂಪಾ ಅಂತ ಹಳೆಯ ಹೆಸರು. ಹಂಪಿ ಬಂದದ್ದೇ ಅದರಿಂದ, ವಿರೂಪಾಕ್ಷ ಪಂಪಾಪತಿ ಆದದ್ದೂ ಅದರಿಂದ. ಹೊಸಪೇಟೆ, ಗಂಗಾವತಿ, ಕೊಪ್ಪಳದ ಕಡೆಯವರಿಗೆ ಇದಕ್ಕಿಂತ ತಮ್ಮದು ಅನ್ನುವಂಥ ಹೆಸರು ಸಿಗುವುದು ಕಷ್ಟ. ಆದಿಕವಿಯ ಹೆಸರೂ ಪಂಪ ಆದ್ದರಿಂದ ಗಂಡು ಹೆಸರಾ ಅಂತ ಕೆಲವರು ಕೇಳಬಹುದು. ಕೊನೆಯ ದೀರ್ಘ ಬರೆಯುವುದನ್ನು ಬಿಡದಿದ್ದರೆ ಸಾಕು.

‘ವತಿ’ಯಲ್ಲಿ ಮುಗಿಯುವವು

ಶರಾವತಿ, ನೇತ್ರಾವತಿ, ಹೇಮಾವತಿ, ವೇದಾವತಿ, ಅರ್ಕಾವತಿ, ಕುಮುದ್ವತಿ. ನಮ್ಮ ನದಿಗಳಲ್ಲಿ ಒಂದು ದೊಡ್ಡ ಗುಂಪೇ ಇದು. ‘ವತಿ’ ಅಂದರೆ ಉಳ್ಳವಳು. ಅದಕ್ಕೆ ಮೊದಲು ಬರುವ ಪದ ಏನೋ ಅದು ಅವಳ ಬಳಿ ಇದೆ. ಈ ಗುಂಪಿನ ಎಲ್ಲ ಹೆಸರಿಗೂ ಒಂದೇ ತೊಂದರೆ: ‘ವತಿ’ ಕೇಳಿದ ಕೂಡಲೇ ಅಮ್ಮನ ತಲೆಮಾರು ಅನಿಸುತ್ತದೆ. ಮನೆಯಲ್ಲಿ ಕರೆಯುವಾಗ ಆ ಬಾಲ ಹೋಗಿ ನೇತ್ರಾ, ಹೇಮಾ, ವೇದಾ ಉಳಿಯುತ್ತದೆ. ಹಾಗೆ ಉಳಿದ ಮೇಲೆ ಅದರಲ್ಲಿ ನದಿ ಇರುವುದಿಲ್ಲ. ಹೇಮಾ ಅಂದರೆ ಬರೀ ಚಿನ್ನ, ನೇತ್ರಾ ಅಂದರೆ ಬರೀ ಕಣ್ಣು. ನದಿಗಾಗಿಯೇ ಹೆಸರಿಡುವವರು ಇದನ್ನು ಯೋಚಿಸಬೇಕು.

ಇವುಗಳಲ್ಲಿ ನನ್ನ ಮೊದಲ ಆಯ್ಕೆ ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುತ್ತದೆ. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ನೀರು ಬರಿಸಿದ ಜಾಗ ಅಂತ ಹೇಳುತ್ತಾರೆ. ಶರ ಅಂದರೆ ಬಾಣ. ಸಂಸ್ಕೃತದಲ್ಲಿ ಶರ ಅಂದರೆ ಜೊಂಡು ಹುಲ್ಲು ಅಂತಲೂ ಇದೆ, ಹೊಳೆಗೆ ಅದೂ ಹೊಂದುತ್ತದೆ. ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಮಲೆನಾಡಿನ ಕೆಲವು ಮನೆಗಳಿಗೆ ಈ ಹೆಸರಿನಲ್ಲಿ ನೋವೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಳ್ಳಿಗಳು, ಅಡಿಕೆ ತೋಟಗಳು ಮುಳುಗಿ ಹೋದವು. ಊರು ಬಿಟ್ಟು ಬಂದ ಕುಟುಂಬದಲ್ಲಿ ಮೊಮ್ಮಗಳಿಗೆ ಶರಾವತಿ ಅಂತ ಇಡಬೇಕೋ ಬೇಡವೋ ಅನ್ನುವುದನ್ನು ಅಜ್ಜಿಯನ್ನೇ ಕೇಳಿ. ಹಳೆಯ ಊರಿನ ಹೆಸರು ಮನೆಯಲ್ಲಿ ಉಳಿಯಲಿ ಅಂತ ಕೆಲವರಿಗೆ ಅನಿಸುತ್ತದೆ, ಆ ಹೆಸರೇ ಬೇಡ ಅಂತ ಕೆಲವರಿಗೆ. ಎರಡಕ್ಕೂ ಬೆಲೆ ಕೊಡಬೇಕು.

ನೇತ್ರಾವತಿ ಧರ್ಮಸ್ಥಳದ ಹೊಳೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಜೊತೆ ಕೂಡಿ ಮಂಗಳೂರಿನ ಬಳಿ ಕಡಲಿಗೆ ಹೋಗುತ್ತದೆ. ಹರಕೆ ಹೊತ್ತು ಹುಟ್ಟಿದ ಮಗಳಿಗೆ ಈ ಹೆಸರಿಡುವುದು ಘಟ್ಟದ ಮೇಲೂ ಉಂಟು. ಆ ಕಾರಣ ಇದ್ದರೆ ಬೇರೆ ಹೆಸರು ಹುಡುಕುವ ಕೆಲಸವೇ ಇಲ್ಲ.

ಹೇಮಾವತಿಯನ್ನು ಹೈಮವತಿ ಜೊತೆ ಬೆರೆಸಬೇಡಿ. ಹೇಮಾವತಿ ಚಿನ್ನ ಉಳ್ಳವಳು, ಮೂಡಿಗೆರೆ ಕಡೆ ಹುಟ್ಟಿ ಗೊರೂರಿನ ಮೂಲಕ ಹರಿದು ಕಾವೇರಿ ಸೇರುವ ಹೊಳೆ. ಹೈಮವತಿ ಹಿಮವಂತನ ಮಗಳು, ಪಾರ್ವತಿ. ಎರಡೂ ಚೆಂದದ ಹೆಸರೇ. ಯಾವುದು ಬೇಕು ಅಂತ ತಿಳಿದು ಇಟ್ಟರಾಯಿತು.

ವೇದಾವತಿ ಬಾಬಾಬುಡನ್‌ಗಿರಿಯಿಂದ ಇಳಿದು ಬರುವ ಹೊಳೆ. ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ ಕಟ್ಟಿರುವುದು ಇದಕ್ಕೇ, 1907ರಲ್ಲಿ ಮುಗಿಯಿತು. ಚಿತ್ರದುರ್ಗದ ಒಣ ಭೂಮಿಗೆ ಇದು ದೊಡ್ಡ ಆಸರೆ. ರಾಮಾಯಣದಲ್ಲಿ ರಾವಣನಿಂದ ಅವಮಾನಕ್ಕೆ ಗುರಿಯಾಗಿ ಬೆಂಕಿಗೆ ಬಿದ್ದ ವೇದವತಿ ಇದ್ದಾಳೆ. ಕಥೆ ಬಲ್ಲವರು ಅದನ್ನು ನೆನೆಯುತ್ತಾರೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ಮೇಕೆದಾಟಿನ ಬಳಿಯ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅರ್ಕ ಅಂದರೆ ಸೂರ್ಯ. ಬೆಂಗಳೂರಿನ ಸುತ್ತ ಹುಟ್ಟಿ ಬೆಳೆದವರಿಗೆ ನಮ್ಮದೂ ಒಂದು ಹೊಳೆ ಇದೆ ಅನ್ನಲು ಒಳ್ಳೆಯ ಹೆಸರು. ಮನೆಯಲ್ಲಿ ಅರ್ಕಾ ಅಂತ ಕರೆದರೂ ಕೇಳಲು ಹೊಸತಾಗಿದೆ.

ವೃಷಭಾವತಿಯನ್ನು ಮಾತ್ರ ಯಾರಿಗೂ ಹೇಳಲಾರೆ. ಬಸವನಗುಡಿಯ ನಂದಿಯಿಂದ ಬಂದ ಹೆಸರು, ಆದರೆ ಇವತ್ತು ಆ ಹೊಳೆ ಹೊತ್ತುಕೊಂಡು ಹೋಗುವುದು ಊರಿನ ಕೊಳಚೆ. ಮಗುವಿಗೆ ಅದರ ಭಾರ ಬೇಡ.

ಬಯಲುಸೀಮೆಯ ಬಡಗಣ ಹೊಳೆಗಳು

ಉತ್ತರ ಕರ್ನಾಟಕದ ದೊಡ್ಡ ನದಿ ಕೃಷ್ಣೆ. ದ್ರೌಪದಿಯ ಹೆಸರೂ ಅದೇ. ಕನ್ನಡದಲ್ಲಿ ಬರೆದರೆ ಕೃಷ್ಣ ಗಂಡು, ಕೃಷ್ಣಾ ಹೆಣ್ಣು, ಅನುಮಾನವೇ ಇಲ್ಲ. ಇಂಗ್ಲಿಷ್‌ನಲ್ಲಿ ಎರಡೂ ಒಂದೇ ಆಗಿಬಿಡುತ್ತದೆ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಪ್ರತಿ ಸಲ ತಿದ್ದಿಸಬೇಕು. ಹಿಂದಿನವರು ಕೃಷ್ಣವೇಣಿ, ಕೃಷ್ಣಾಬಾಯಿ ಅಂತ ಇಟ್ಟು ಇದನ್ನು ಬಗೆಹರಿಸಿಕೊಂಡರು. ಕೃಷ್ಣವೇಣಿ ಈಗಲೂ ಕಿವಿಗೆ ಇಂಪು.

ಭೀಮಾ ನದಿಗೂ ಇದೇ ಸಮಸ್ಯೆ. ವಿಜಯಪುರ, ಕಲಬುರಗಿ ಕಡೆ ಭೀಮಾಬಾಯಿ, ಭೀಮವ್ವ ಅಂತ ಇಟ್ಟರು. ಆ ನದಿಗೇ ಪಂಢರಪುರದಲ್ಲಿ ಚಂದ್ರಭಾಗಾ ಅಂತ ಹೆಸರು, ಅಲ್ಲಿ ಅದು ಅರ್ಧಚಂದ್ರದ ಹಾಗೆ ಬಾಗಿ ಹರಿಯುತ್ತದೆ. ವಿಠಲನ ಭಕ್ತರ ಮನೆಗೆ ಇದು ತುಂಬ ಹತ್ತಿರದ ಹೆಸರು. ಚಂದ್ರಾ ಅಂತ ಕರೆದರೂ ಸೊಗಸು.

ಮಲಪ್ರಭಾ ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ, ಪಟ್ಟದಕಲ್ಲಿನ ಗುಡಿಗಳ ಪಕ್ಕ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ರೇಣುಕೆ ಮರಳಿನ ಕೊಡದಲ್ಲಿ ನೀರು ತರುತ್ತಿದ್ದ ಹೊಳೆ ಇದು ಅಂತ ಸವದತ್ತಿ ಸೀಮೆಯಲ್ಲಿ ಹೇಳುತ್ತಾರೆ. ಇಷ್ಟು ಚರಿತ್ರೆ ಇರುವ ನದಿ ಇನ್ನೊಂದಿಲ್ಲ. ಆದರೂ ಹೆಸರಿನ ಮೊದಲ ಎರಡಕ್ಷರ ಶಾಲೆಯಲ್ಲಿ ಮಕ್ಕಳ ಬಾಯಿಗೆ ಸಿಕ್ಕರೆ ಮಗು ಅಳುತ್ತಾ ಬರುತ್ತದೆ. ಬೆಳಗಾವಿ, ಧಾರವಾಡದಲ್ಲಿ ಎಲ್ಲರಿಗೂ ನದಿ ಗೊತ್ತು, ಅಲ್ಲಿ ನಡೆಯುತ್ತದೆ. ಬೇರೆ ಊರಿನಲ್ಲಿ ಬೆಳೆಯುವ ಮಗುವಿಗೆ ಪ್ರಭಾ ಅಂತ ಇಟ್ಟು, ನದಿಯ ಕಥೆ ಮನೆಯಲ್ಲಿ ಹೇಳುವುದು ಮೇಲು.

ಕರಾವಳಿಯವು

ನಂದಿನಿ ಈ ಪಟ್ಟಿಯಲ್ಲೇ ಅತಿ ಸುಲಭದ ಹೆಸರು. ಸಂತೋಷ ಕೊಡುವವಳು, ಮಗಳು ಅನ್ನುವುದು ಅರ್ಥ. ಕಾಮಧೇನುವಿನ ಮಗಳು ನಂದಿನಿ ಜಾಬಾಲಿ ಮುನಿಯ ಶಾಪದಿಂದ ನದಿಯಾದಳು, ಕಟೀಲಿನ ದುರ್ಗಾಪರಮೇಶ್ವರಿ ಆ ನದಿಯ ನಡುವೆ ನೆಲೆಸಿದಳು ಅನ್ನುವುದು ಕ್ಷೇತ್ರದ ಕಥೆ. ಆದರೆ ಕರ್ನಾಟಕದಲ್ಲಿ ನಂದಿನಿ ಅಂದ ತಕ್ಷಣ ಜನಕ್ಕೆ ನೆನಪಾಗುವುದು ಹಾಲಿನ ಪ್ಯಾಕೆಟ್. ಮಕ್ಕಳು ಛೇಡಿಸುತ್ತಾರೆ, ಖಂಡಿತ. ಕೆಟ್ಟ ಛೇಡಿಕೆ ಅಲ್ಲ, ಮಕ್ಕಳು ಬೆಳೆದಂತೆ ತಾನಾಗಿ ನಿಲ್ಲುತ್ತದೆ.

ಅದರ ಜೊತೆಗಾತಿ ಶಾಂಭವಿ. ಎರಡೂ ಮೂಲ್ಕಿಯ ಹತ್ತಿರ ಸಸಿಹಿತ್ಲಿನಲ್ಲಿ ಕೂಡಿ ಕಡಲು ಸೇರುತ್ತವೆ. ಶಂಭುವಿನವಳು, ಪಾರ್ವತಿ. ಈಗಿನ ಕಿವಿಗೆ ಚೆನ್ನಾಗಿ ಹಿಡಿಸುವ ಹೆಸರು, ಮೊಟಕು ಮಾಡಿದರೆ ಶಾಂಭು, ಶಾಂಬಿ ಆಗುತ್ತದೆ, ಅದನ್ನು ತಡೆಯುವುದು ಮನೆಯವರ ಕೈಯಲ್ಲಿದೆ. ಪಯಸ್ವಿನಿ ಕೊಡಗಿನಿಂದ ಇಳಿದು ಸುಳ್ಯದ ಮೂಲಕ ಕಾಸರಗೋಡಿನ ಕಡೆ ಹೋಗುವ ಹೊಳೆ. ಹಾಲು, ನೀರು ತುಂಬಿದವಳು. ತುಳು, ಕನ್ನಡ, ಮಲಯಾಳ ಮೂರೂ ಆಡುವ ಸೀಮೆಯ ಹೆಸರು. ಸೌಪರ್ಣಿಕಾ ಕೊಲ್ಲೂರಿನದು, ಸುಪರ್ಣ ಅಂದರೆ ಗರುಡ ತಪಸ್ಸು ಮಾಡಿದ ಜಾಗ. ಕೇಳಲು ಹಾಡಿನ ಹಾಗಿದೆ, ಬರೆಯುವಾಗ ಅರ್ಕಾವೊತ್ತು, ಣ, ಸೌ ಎಲ್ಲ ಒಟ್ಟಿಗೆ ಬರುತ್ತದೆ. ತಾಳ್ಮೆ ಇದ್ದರೆ ಇಡಿ.

ಅಘನಾಶಿನಿ ಅಣೆಕಟ್ಟಿಲ್ಲದೆ ಹರಿಯುವ ಅಪರೂಪದ ನದಿ. ಪಾಪ ಕಳೆಯುವವಳು ಅಂತ ಅರ್ಥ. ನನಗೆ ಆ ಹೊಳೆಯ ಮೇಲೆ ತುಂಬ ಗೌರವ. ಆದರೆ ಹೆಸರಿನಲ್ಲಿ ‘ನಾಶ’ ಅನ್ನುವುದು ಎದ್ದು ಕೇಳುತ್ತದೆ. ಮಗುವಿಗೆ ಬೇಡ.

ವರದಾ, ಶಾಲ್ಮಲಾ, ಕುಮುದಾ

ನನ್ನನ್ನು ಕೇಳಿದರೆ ಈಗಿನ ಮಗುವಿಗೆ ಒಳ್ಳೆಯ ನದಿ ಹೆಸರುಗಳು ಇಲ್ಲಿವೆ. ದೊಡ್ಡ ನದಿಗಳ ಹೆಸರನ್ನು ಆಗಲೇ ಸಾವಿರಾರು ಜನ ಇಟ್ಟುಕೊಂಡಿದ್ದಾರೆ. ಸಣ್ಣ ಹೊಳೆಗಳ ಹೆಸರು ಇನ್ನೂ ಹೊಸತಾಗಿಯೇ ಉಳಿದಿದೆ.

ವರದಾ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುತ್ತದೆ. ಬನವಾಸಿಯನ್ನು ಬಳಸಿಕೊಂಡು ಹೋಗಿ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಬನವಾಸಿ ಕದಂಬರ ರಾಜಧಾನಿ, ಪಂಪ ಮನಸಾರೆ ಹೊಗಳಿದ ಊರು. ಕನ್ನಡದ ಮೊದಲ ಅರಸು ಮನೆತನವೊಂದು ಬೆಳೆದದ್ದು ಈ ನೀರಿನ ದಡದಲ್ಲಿ. ವರ ಕೊಡುವವಳು ಅಂತ ಅರ್ಥ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೂರು ಅಕ್ಷರ, ಒತ್ತಕ್ಷರ ಇಲ್ಲ, ಯಾವ ಭಾಷೆಯವರೂ ಹೇಳಬಲ್ಲರು. ಎಚ್ಚರ ಬೇಕಾದದ್ದು ಒಂದೇ, ಕೊನೆಯ ದೀರ್ಘ. ವರದ ಅಂತ ಬರೆದರೆ ಗಂಡು ಹೆಸರು. ಬಹಳ ದಿನ ಮಗುವಿಗಾಗಿ ಕಾದ ಮನೆಯಲ್ಲಿ ಈ ಹೆಸರಿಗೆ ಇನ್ನೊಂದು ತೂಕ ಬರುತ್ತದೆ ಅಲ್ವಾ?

ಶಾಲ್ಮಲಾ ಶಿರಸಿ ಸೀಮೆಯ ಹೊಳೆ. ಸಹಸ್ರಲಿಂಗದಲ್ಲಿ ಬಂಡೆ ಬಂಡೆಗೂ ಲಿಂಗ ಕೆತ್ತಿರುವುದನ್ನು ಬೇಸಿಗೆಯಲ್ಲಿ ನೀರು ಇಳಿದಾಗ ನೋಡಬಹುದು. ಶಾಲ್ಮಲಿ ಅಂದರೆ ಬೂರುಗದ ಮರ. ಮರವೂ ಹೊಳೆಯೂ ಇರುವ ಹೆಸರು. ತೊಂದರೆ ಕೇಳುವವರ ಕಿವಿಯಲ್ಲಿದೆ. ಫೋನಿನಲ್ಲಿ ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ಶ್ಯಾಮಲಾ ಅಂತ ಬರೆದುಕೊಳ್ಳುತ್ತಾರೆ. "ಶಾ, ಆಮೇಲೆ ಲ್ಮ, ಆಮೇಲೆ ಲಾ" ಅಂತ ಜೀವನಪೂರ್ತಿ ಬಿಡಿಸಿ ಹೇಳಬೇಕು. ಅದನ್ನು ಹೆಮ್ಮೆಯಿಂದ ಹೇಳುವ ಹುಡುಗಿಯರೂ ಇರುತ್ತಾರೆ.

ಕುಮುದ್ವತಿ ನೈದಿಲೆ ತುಂಬಿದ ಹೊಳೆ. ಹೊಂಬುಜದ ಕಡೆ ಹುಟ್ಟಿ ಶಿಕಾರಿಪುರದ ಮೂಲಕ ತುಂಗಭದ್ರೆಗೆ ಹೋಗುವುದು ಒಂದು, ಶಿವಗಂಗೆಯಿಂದ ಅರ್ಕಾವತಿಗೆ ಹೋಗುವುದು ಇನ್ನೊಂದು. ‘ದ್ವ’ ಮಕ್ಕಳ ನಾಲಿಗೆಗೆ ಕಷ್ಟ, ಕುಮುದಾ ಅಂತ ಇಟ್ಟರೆ ಸಾಕು.

ದೂರದ ನದಿಗಳು

ಗಂಗಾ, ಗೋದಾವರಿ ಅಜ್ಜಿಯರ ಹೆಸರಾಗಿ ಉಳಿದಿವೆ. ಅಜ್ಜಿಯ ಹೆಸರನ್ನೇ ಇಡಬೇಕು ಅಂತಿದ್ದರೆ ಅದಕ್ಕಿಂತ ಒಳ್ಳೆಯ ಕಾರಣ ಬೇಡ. ಯಮುನಾ ಸೂರ್ಯನ ಮಗಳು, ಯಮನ ತಂಗಿ. ಯಮನ ಹೆಸರಿಗೆ ಹೆದರುವವರಿಗೆ ಅವಳದೇ ಇನ್ನೊಂದು ಹೆಸರು ಕಾಳಿಂದಿ ಇದೆ. ನರ್ಮದಾ ಅಂದರೆ ನಲಿವು ಕೊಡುವವಳು, ಅದೇ ನದಿಗೆ ರೇವಾ ಅಂತಲೂ ಹೆಸರು. ಎರಡಕ್ಷರದ ಹೊಸ ಹೆಸರು ಬೇಕು ಅನ್ನುವವರಿಗೆ ರೇವಾ ತಟ್ಟನೆ ಹಿಡಿಸುತ್ತದೆ. ಸಿಂಧು ಮೊದಲೇ ಜನಪ್ರಿಯ. ಪಿ.ವಿ. ಸಿಂಧು ರಿಯೊ 2016ರಲ್ಲಿ ಬೆಳ್ಳಿ, ಟೋಕಿಯೊ 2020ರಲ್ಲಿ ಕಂಚು ಗೆದ್ದ ಮೇಲೆ ಹೆಸರಿಗೆ ಹೊಸ ಹೊಳಪು ಬಂತು.

ಭಾಗೀರಥಿ ಮಾತ್ರ ಕನ್ನಡ ಮನೆಗಳಲ್ಲಿ ಬೇರೆಯೇ ನೆನಪು ತರುತ್ತದೆ. ಕೆರೆಗೆ ನೀರು ಬರಲಿ ಅಂತ ಬಲಿಯಾದ ಸೊಸೆಯ ಜನಪದ ಹಾಡು ನಮಗೆಲ್ಲ ಗೊತ್ತು. ಆ ಹಾಡು ಕೇಳಿ ಬೆಳೆದ ಯಾರಿಗೂ ಈ ಹೆಸರು ಇಡಲು ಮನಸ್ಸು ಬರುವುದು ಕಷ್ಟ.

ನಕ್ಷತ್ರದ ಅಕ್ಷರ ನೋಡುವವರಿಗೆ

ಜನ್ಮನಕ್ಷತ್ರದ ಪಾದಕ್ಕೆ ಹೊಂದುವ ಅಕ್ಷರ ಬೇಕು ಅಂತಿದ್ದರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ರೋಹಿಣಿ ಎರಡನೇ ಪಾದಕ್ಕೆ ‘ವ’, ಅಲ್ಲಿ ವರದಾ. ಮೃಗಶಿರಾ ಮೂರನೇ ಪಾದಕ್ಕೆ ‘ಕಾ’, ಅಲ್ಲಿ ಕಾವೇರಿ. ಪುಷ್ಯ ಎರಡಕ್ಕೆ ‘ಹೇ’, ಹೇಮಾವತಿ. ವಿಶಾಖಾ ಎರಡಕ್ಕೆ ‘ತು’, ತುಂಗಾ. ಅನೂರಾಧಾ ಮೊದಲ ಪಾದಕ್ಕೆ ‘ನ’ ಬರುವುದರಿಂದ ನರ್ಮದಾ, ನಂದಿನಿ, ನಾಲ್ಕನೆಯದಕ್ಕೆ ನೇತ್ರಾವತಿ. ಜ್ಯೇಷ್ಠಾ ಎರಡಕ್ಕೆ ಯಮುನಾ. ಮೂಲಾ ಮೂರನೆಯದಕ್ಕೆ ಭದ್ರಾ. ಅಕ್ಷರ ಹೊಂದದಿದ್ದರೆ ತೊಟ್ಟಿಲ ಹೆಸರು ಒಂದು, ಕರೆಯುವ ಹೆಸರು ಒಂದು ಇಟ್ಟುಕೊಳ್ಳುವುದು ಹಿಂದಿನಿಂದ ಬಂದ ರೂಢಿ. ನದಿಯ ಹೆಸರನ್ನು ಕರೆಯುವ ಹೆಸರಾಗಿ ಇಟ್ಟುಕೊಳ್ಳಿ, ದಾಖಲೆಯಲ್ಲಿಯೂ ಅದನ್ನೇ ಬರೆಸಿ.

ದಾಖಲೆಗೆ ಹೋಗುವ ಮೊದಲು

ಹೆಸರು ಗಟ್ಟಿಯಾಗಿಲ್ಲ ಅಂತ ಗಡಿಬಿಡಿ ಮಾಡಿಕೊಳ್ಳಬೇಡಿ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದು ದಾಟಿದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವುದರಿಂದ ಹಿಡಿದು ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅದರಲ್ಲಿ ಏನು ಬರೆಸುತ್ತೀರೋ ಅದೇ ಕೊನೆಯವರೆಗೂ.

ನದಿಯ ಹೆಸರಿನಲ್ಲಿ ತಪ್ಪು ಬರುವುದು ಎರಡು ಕಡೆ. ‘ತಿ’ಗೆ ಇಂಗ್ಲಿಷ್‌ನಲ್ಲಿ ‘ಟಿ’ ಮಾತ್ರ ಹಾಕುವುದೋ, ‘ಹೆಚ್’ ಸೇರಿಸುವುದೋ ಅನ್ನುವುದು ಒಂದು. ‘ವ’ಗೆ ‘ವಿ’ಯೋ ‘ಡಬ್ಲ್ಯೂ’ವೋ ಅನ್ನುವುದು ಇನ್ನೊಂದು. ಒಂದು ಬಿಳಿ ಹಾಳೆಯ ಮೇಲೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ದೊಡ್ಡದಾಗಿ ಬರೆದು, ಅದನ್ನೇ ನೋಂದಣಿ ಕಚೇರಿಗೆ ಕೊಡಿ. ಬಾಯಲ್ಲಿ ಹೇಳಿ ಬರೆಸಬೇಡಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ದೀರ್ಘ, ಒತ್ತು ಎಲ್ಲ ಸರಿಯಾಗಿದೆಯೇ ಅಂತ ಓದಿ.

ಇನಿಷಿಯಲ್ ಜೊತೆಗೂ ಒಮ್ಮೆ ಓದಿ ನೋಡಿ. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಹಿಂದೆ ಹಾಕುವ ಮನೆಯಲ್ಲಿ ಸೌಪರ್ಣಿಕಾದಂಥ ಉದ್ದದ ಹೆಸರು ಅರ್ಜಿಯ ಚೌಕಗಳಲ್ಲಿ ಹಿಡಿಸುವುದಿಲ್ಲ. ತುಂಗಾ, ವರದಾ, ರೇವಾ ಎಂಥ ಅರ್ಜಿಯಲ್ಲೂ ಹಿಡಿಸುತ್ತದೆ.

ಅಕ್ಕತಂಗಿಯರಿಗೆ ಜೋಡಿ ಹೆಸರು ಬೇಕು ಅನ್ನುವವರು ತುಂಬ ಜನ. ತುಂಗಾ, ಭದ್ರಾ ಒಂದೇ ಕಡೆ ಹುಟ್ಟಿ ಮತ್ತೆ ಕೂಡುವ ಹೊಳೆಗಳು, ಅವಳಿಗಳಿಗೆ ಅದಕ್ಕಿಂತ ಸರಿಯಾದ ಜೋಡಿ ಇಲ್ಲ. ನಂದಿನಿ, ಶಾಂಭವಿಯೂ ಹೊಂದುತ್ತದೆ. ವಯಸ್ಸಿನ ಅಂತರ ಇರುವ ಮಕ್ಕಳಿಗೆ ಕಾವೇರಿ, ಹೇಮಾವತಿ ಬೇಡ ಅನ್ನುತ್ತೇನೆ. ಹೇಮಾವತಿ ಕಾವೇರಿಯ ಉಪನದಿ, ಶಾಲೆಯ ಭೂಗೋಳದ ಪಾಠದಲ್ಲಿ ಅದು ಬಂದ ದಿನ ತಂಗಿಗೆ ಬೇಜಾರಾಗುತ್ತದೆ. ಇಬ್ಬರಿಗೂ ಒಂದು ಕಡಲು ಮುಟ್ಟುವ ಹೊಳೆಗಳನ್ನೇ ಆರಿಸಿ, ಶರಾವತಿ ಮತ್ತು ನೇತ್ರಾವತಿಯ ಹಾಗೆ.